ಸಹಾಯ ಬೇಕು: ಊರು ಬಿಡದವನೂ ‘ಹೊರಗಿನವ’ ಆಗಬಹುದಾ?

ನಮಸ್ಕಾರ. ನಾನು ಬದಿಯಡ್ಕದ ಕಡೆಯವನು, ಎಂಎ ಸೋಶಿಯಾಲಜಿ. ಮುಂದಿನ ವಾರ ಸಮಾಜಶಾಸ್ತ್ರದ ಚಿಂತಕ ಆಲ್ಫ್ರೆಡ್ ಶುಟ್ಸ್ ಬಗ್ಗೆ ಸೆಮಿನಾರ್ ಇದೆ, ಕನ್ನಡದಲ್ಲೇ ಮಾತಾಡುತ್ತೇನೆ ಅಂತ ಜಂಬದಿಂದ ಒಪ್ಪಿಕೊಂಡು ಈಗ ಸಿಕ್ಕಿಹಾಕಿಕೊಂಡಿದ್ದೇನೆ.

ಶುಟ್ಸ್ ಹಗಲು ಬ್ಯಾಂಕ್ ಕೆಲಸ ಮಾಡಿಕೊಂಡೇ ತತ್ವಶಾಸ್ತ್ರ ಬರೆದವನು. ಹುಸರ್ಲ್‌ನ ಫಿನಾಮಿನಾಲಜಿಯನ್ನು (ಲೋಕ ನಮ್ಮ ಅನುಭವಕ್ಕೆ ಹೇಗೆ ಕಾಣುತ್ತದೆ ಅಂತ ನೋಡುವ ತತ್ವಶಾಸ್ತ್ರ) ಸಮಾಜದ ಪ್ರಶ್ನೆಗಳಿಗೆ ತಂದ, 1932ರಲ್ಲಿ ಪುಸ್ತಕ ಬಂತು. ಎದುರಿಗಿರುವವರನ್ನು ನಾವು ಮೊದಲೇ ಒಂದು ಅಚ್ಚಿಗೆ ಹಾಕಿ ನೋಡುತ್ತೇವೆ ಅನ್ನುತ್ತಾನೆ. ಇದು ನನಗೆ ಅರ್ಥವಾಗಿದ್ದು ಕಾಸರಗೋಡು ಬಸ್ಸಿನಲ್ಲಿ. ಖಾಕಿ ಶರ್ಟ್ ಕಂಡ ಕೂಡಲೇ ಮಲಯಾಳದಲ್ಲಿ ಟಿಕೆಟ್ ಕೇಳಿದೆ, ಕಂಡಕ್ಟರ್ ಚಿಲ್ಲರೆ ಎಣಿಸುತ್ತಾ ತುಳುವಿನಲ್ಲಿ ಉತ್ತರ ಕೊಟ್ಟ! ನಾನು ಯೋಚಿಸಿ ಭಾಷೆ ಆರಿಸಿರಲಿಲ್ಲ, ಬಾಯಿ ತಾನೇ ಆರಿಸಿತ್ತು, ಅಲ್ವಾ?

ಹೀಗೆ ಅಚ್ಚಿಗೆ ಹಾಕಿ ನೋಡುವ ಈ ‘ಟೈಪಿಫಿಕೇಶನ್’ಗೆ ಒಳ್ಳೆಯ ಕನ್ನಡ ಪದ ಬೇಕು. ‘ಮಾದರೀಕರಣ’ ಅಂದರೆ ಕಾರ್ಖಾನೆ ವಾಸನೆ. ನಾವು ಪ್ರಶ್ನೆ ಮಾಡದೆ ದಿನಾ ಬದುಕುವ ಲೋಕ, ಅಂದರೆ ‘ಲೈಫ್‌ವರ್ಲ್ಡ್’ಗೆ ‘ಜೀವಜಗತ್ತು’ ಅಂದರೆ ಗಿಡಮರ ನೆನಪಾಗುತ್ತದೆ. ‘ಬದುಕಿನ ಲೋಕ’ ಸಾಕಾ?

ನಿಜವಾದ ತಲೆನೋವು ಬೇರೆ. 1944ರ ಲೇಖನದಲ್ಲಿ ಶುಟ್ಸ್ ಹೇಳುವ ಹೊರಗಿನವ ಬೇರೆ ಕಡೆಯಿಂದ ಬಂದವನು, ಅವನ ಹಳೆಯ ಲೆಕ್ಕಾಚಾರ ಹೊಸ ಜಾಗದಲ್ಲಿ ನಡೆಯುವುದಿಲ್ಲ. ನಮ್ಮಜ್ಜ ಎಲ್ಲಿಗೂ ಹೋಗಲಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿ ರಾಜ್ಯವೇ ಬದಲಾಯಿತು, ತೋಟ ಅದೇ, ಬಾವಿ ಅದೇ, ಮಲಯಾಳದಲ್ಲಿ ಬಂದ ಆಫೀಸಿನ ಕಾಗದ ಮಾತ್ರ ಓದಲು ಬರಲಿಲ್ಲ. ಇಂಥವರಿಗೆ ಶುಟ್ಸ್‌ನ ಮಾತು ಹೊಂದುತ್ತದಾ, ಇಲ್ಲ ನಾನು ಸುಮ್ನೆ ಎಳೆಯುತ್ತಿದ್ದೇನಾ? ಓದಿದವರು ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ಬರೆಯಿರಿ, ಬೈದರೂ ಪರವಾಗಿಲ್ಲ.