ನಾನು ಯಾರು ಹೇಳು ನೋಡೋಣ!

ಶಾಮುವಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದಿತಂತೆ. "ಏನಯ್ಯಾ, ಮರೆತೇಬಿಟ್ಟೆಯಾ? ನಾನು ಯಾರು ಹೇಳು ನೋಡೋಣ!"

"ನೀನು ಏನೆಂದೆ?" ಎಂದರು ಮೇಷ್ಟರು.

"ಗುರುತು ಸಿಗಲಿಲ್ಲ ಎಂದರೆ ಬೇಸರ ಮಾಡಿಕೊಂಡಾನು ಎಂದು, 'ರಘು ಅಲ್ಲವೇನೋ?' ಎಂದೆ."

"ಸರಿಹೋಯಿತು. ಕಳ್ಳನಿಗೆ ನೀನೇ ನಾಮಕರಣ ಮಾಡಿದೆ."

"ನನ್ನ ಹೆಸರೇ ಬೇಕಿತ್ತೇ?" ಎಂದು ಪಕ್ಕದಲ್ಲಿದ್ದ ಅಸಲಿ ರಘು ಗೊಣಗಿದ.

ಗೆಳೆಯನ ಸೋಗಿನಲ್ಲಿ ಫೋನು ಮಾಡಿ ಹಣ ಕೀಳುವ ಈ ವ್ಯಾಪಾರಕ್ಕೆ ನಮ್ಮ ದಾಕ್ಷಿಣ್ಯವೇ ಬಂಡವಾಳ. ಮೊದಲ ದಿನ ಹಣದ ಸುದ್ದಿಯೇ ಇರುವುದಿಲ್ಲ. "ಇದು ಹೊಸ ನಂಬರು, ಹಳೆಯದನ್ನು ಅಳಿಸಿಬಿಡು" ಎಂದಷ್ಟೇ ಹೇಳಿ ಇಟ್ಟುಬಿಡುತ್ತಾನೆ. ನಾವು ಅಳಿಸುತ್ತೇವೆ, ಅಂದರೆ ಅಸಲಿ ಗೆಳೆಯನನ್ನು ನಾವೇ ಹೊರಗಟ್ಟುತ್ತೇವೆ. ಆಮೇಲೆ ಶುರು: ಆಸ್ಪತ್ರೆ, ಅವಸರ, "ನನ್ನ ಖಾತೆ ಕೈಕೊಟ್ಟಿದೆ, ಈ ಬೇರೆ ಖಾತೆಗೆ ಹಾಕು, ಯಾರಿಗೂ ಹೇಳಬೇಡ." ಜಪಾನಿನಲ್ಲಿ 2000ದ ದಶಕದ ಆರಂಭದಲ್ಲೇ ಇದು ದೊಡ್ಡ ಪಿಡುಗಾಗಿತ್ತು. ಕಳ್ಳ "ನಾನು, ನಾನೇ" ಎನ್ನುವನು. ಮಗನದೋ ಮೊಮ್ಮಗನದೋ ಹೆಸರನ್ನು ಅಜ್ಜಿಯೇ ಒದಗಿಸುವಳು.

"ಧ್ವನಿಯೂ ರಘುವಿನದೇ ಆಗಿದ್ದರೆ?" ಎಂದ ಶಾಮು.

"ಅದೂ ಆಗುತ್ತದೆ. ಮೂರು ಸೆಕೆಂಡಿನ ಮಾದರಿ ಕೇಳಿಸಿದರೆ ಸಾಕು, ಧ್ವನಿಯನ್ನು ಅನುಕರಿಸುವ ತಂತ್ರವನ್ನು ಮೈಕ್ರೋಸಾಫ್ಟಿನ ಸಂಶೋಧಕರು 2023ರಲ್ಲೇ ತೋರಿಸಿದ್ದಾರೆ."

"ಹಾಗಾದರೆ ರಘುವಿನ ಧ್ವನಿ ಗಂಟೆಗಟ್ಟಲೆ ಉಚಿತವಾಗಿ ಸಿಗುತ್ತದೆ!"

"ಪ್ರಶ್ನೆ ಕೇಳಿ ಪರೀಕ್ಷೆ ಮಾಡಬೇಕು. ನನ್ನ ಹುಟ್ಟುಹಬ್ಬ ಯಾವಾಗ ಎಂದು ಕೇಳು," ಎಂದ ರಘು, ಸಿಟ್ಟು ಅಡಗಿಸಿಕೊಂಡು.

"ಅದನ್ನು ಫೇಸ್‌ಬುಕ್ಕಿನಲ್ಲಿ ನೋಡಿ ಕಳ್ಳ ತಪ್ಪದೇ ಹೇಳುತ್ತಾನೆ. ಹೇಳಲಾಗದೆ ತೊದಲುವವನು ನೀನು!" ಎಂದರು ಮೇಷ್ಟರು. "ಇಲ್ಲದ್ದನ್ನು ಕೇಳಬೇಕು. ರಘುವಿಗೆ ಅಣ್ಣನೇ ಇಲ್ಲ. 'ಅಣ್ಣನಿಗೆ ಜ್ವರ ಬಿಟ್ಟಿತೇ?' ಎನ್ನು. 'ಈಗ ಪರವಾಗಿಲ್ಲ' ಎಂದರೆ ಫೋನು ಇಡು."

ಅದಕ್ಕಿಂತ ಸುಲಭದ ಉಪಾಯ ನನ್ನದು: ಕರೆಯನ್ನು ಕತ್ತರಿಸಿ, ನಮ್ಮಲ್ಲಿರುವ ಹಳೆಯ ನಂಬರಿಗೆ ನಾವೇ ಫೋನು ಮಾಡುವುದು. ಪರದೆಯ ಮೇಲೆ ಗೆಳೆಯನ ಹೆಸರೇ ಮೂಡಿದ್ದರೂ ಹೀಗೇ ಮಾಡಬೇಕು, ಏಕೆಂದರೆ ಬಂದ ಕರೆಯ ನಂಬರನ್ನೂ ನಕಲು ಮಾಡಬಹುದು. ಹಣ ಕಳುಹಿಸಿಯೇ ಬಿಟ್ಟಿದ್ದರೆ ನಾಚಿಕೊಳ್ಳುತ್ತಾ ಕೂರದೆ ತಕ್ಷಣ ಬ್ಯಾಂಕಿಗೆ ತಿಳಿಸಬೇಕು.

ರಘುವಿನ ಮುಖ ಸಣ್ಣಗಾಯಿತು. "ಹಾಗಾದರೆ ನನಗೆ ನಿಜವಾಗಿಯೂ ಹಣ ಬೇಕಾದರೆ?"

"ಧಾರಾಳವಾಗಿ ಹಳೆಯ ನಂಬರಿನಿಂದ ಕೇಳು," ಎಂದರು ಮೇಷ್ಟರು. "ನೀನೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಇಲ್ಲ ಎನ್ನುತ್ತೇವೆ."