ಪದಚರ್ಚೆ: ಲಿಥಿಯಂ ಚೀಟಿಯಲ್ಲಿ ‘ನೋವು’ ಬರೆಯುವುದು ಹೇಗೆ? (ತುರ್ತು)

ಗೆಳೆಯರೇ,
ಮನೋವೈದ್ಯ ವಿಭಾಗದ ಹೊರರೋಗಿಗಳಿಗೆ ಕೊಡುವ ಎರಡು ಪುಟದ ಮಾಹಿತಿ ಚೀಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲಿಥಿಯಂ, ವಾಲ್‌ಪ್ರೊಯೇಟ್, ಲ್ಯಾಮೊಟ್ರಿಜಿನ್ ಮೂರಕ್ಕೂ ಒಂದೇ ಚೀಟಿ; ಮೂರೂ ಮನಸ್ಸಿನ ಏರಿಳಿತವನ್ನು ಹಿಡಿತದಲ್ಲಿಡುವ ಮಾತ್ರೆಗಳು (ಮೂಡ್ ಸ್ಟೆಬಿಲೈಜರ್). ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಸೈಡ್ ಎಫೆಕ್ಟಿಗೆ ‘ಪಾರ್ಶ್ವಪರಿಣಾಮ’ ಇಡಲೋ ‘ಅಡ್ಡಪರಿಣಾಮ’ ಇಡಲೋ? ಕಾಲಿನ ಕ್ರ್ಯಾಂಪಿಗೆ ‘ಸೆಳೆತ’ ಹಾಕಿದ್ದೇನೆ, ನಡೆಯುತ್ತದೆಯೇ? ಮೂಡ್ ಸ್ಟೆಬಿಲೈಜರ್‌ಗೆ ‘ಮನೋಸ್ಥಿತಿ ಸ್ಥಿರಕಾರಿ’ ಎಂದಿದ್ದೇನೆ. ಕೊನೆಯ ಸಾಲು: ‘ನೋವಿನ ಮಾತ್ರೆ ತೆಗೆದುಕೊಳ್ಳಬೇಡಿ.’ ಅದರಲ್ಲಿ ಗೊಂದಲವಿಲ್ಲ.
– ಸು.

‘ಮನೋಸ್ಥಿತಿ’ ಎಂಬ ಪದವೇ ಇಲ್ಲ. ಮನೋರೋಗ, ಮನೋಭಾವ ಸರಿ. ಸಕಾರದ ಮುಂದೆ ವಿಸರ್ಗ ಓಕಾರವಾಗದು. ಮನಃಸ್ಥಿತಿ. ‘ಅಡ್ಡಪರಿಣಾಮ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ‘ಪಾರ್ಶ್ವಪರಿಣಾಮ’ ಎನ್ನಿ, ಮುಗಿಯಿತು.
– ವಾ. ರಾ.

> ‘ಪಾರ್ಶ್ವಪರಿಣಾಮ’ ಎನ್ನಿ, ಮುಗಿಯಿತು

ಮುಗಿಯಲಿಲ್ಲ ರಾಯರೇ. ‘ಪಾರ್ಶ್ವ’ ಅಂದರೆ ಊರವರ ತಲೆಗೆ ಬರುವುದು ಪಾರ್ಶ್ವವಾಯು ಒಂದೇ. ಈ ಮಾತ್ರೆಗೆ ಪಾರ್ಶ್ವಪರಿಣಾಮ ಉಂಟು ಎಂದು ಓದಿದವರು ಲಕ್ವ ಹೊಡೆಯುತ್ತದೆ ಅಂದುಕೊಂಡು ಮಾತ್ರೆಯನ್ನೇ ಬಿಟ್ಟಾರು. ಅರಿಸಮಾಸದ ಭಯವಿದ್ದರೆ ಮೊದಲು ಊರೂರಿನ ‘ಹಾಲು ಉತ್ಪಾದಕರ ಸಂಘ’ದ ಬೋರ್ಡು ಇಳಿಸಿ ಬನ್ನಿ.

ಸು. ಅವರೇ, ‘ಸೆಳೆತ’ ತೆಗೆಯಿರಿ. ಫಿಟ್ಸಿಗೆ ಸೆಳವು, ಸೆಳೆತ ಎರಡೂ ಬಳಕೆಯಲ್ಲಿವೆ. ವಾಲ್‌ಪ್ರೊಯೇಟ್, ಲ್ಯಾಮೊಟ್ರಿಜಿನ್ ಫಿಟ್ಸಿಗೂ ಕೊಡುವ ಮಾತ್ರೆಗಳೇ. ಫಿಟ್ಸ್ ತಡೆಯುವ ಮಾತ್ರೆಯಿಂದ ಸೆಳೆತ ಬರಬಹುದು ಎಂದು ಅಚ್ಚು ಹಾಕಿದರೆ ಹೇಗೆ? ‘ಮೀನಖಂಡ ಗಟ್ಟಿಯಾಗಿ ಹಿಡಿದುಕೊಳ್ಳುವುದು’ ಎನ್ನಿ. ನಾಲ್ಕು ಪದ ಹೆಚ್ಚಾದರೆ ಆಗಲಿ.

ಕರಡಿನಲ್ಲಿ ‘ಸ್ನಾಯುನೋವು’ ಎಂದಿದ್ದರೆ ಅದೂ ನನಗೆ ಒಗ್ಗದು. ಆಯುರ್ವೇದದಲ್ಲಿ ಸ್ನಾಯು ಎಂದರೆ ಕಟ್ಟುನಾರು. ಮಾಂಸಖಂಡಕ್ಕೆ ಅಲ್ಲಿ ‘ಪೇಶೀ’. ಪಠ್ಯಪುಸ್ತಕಗಳು ಅದಲುಬದಲು ಮಾಡಿಕೊಂಡವು. ‘ಮೈಕೈ ನೋವು’ ಇರುವಾಗ ಸ್ನಾಯು ಯಾಕೆ?
– ಗಿ.

ನಮ್ಮ ಧಾರವಾಡದ ಕಡೆಯ ಒಂದ್ ಮಾತು. ಕರಡಿನಾಗ ಚರ್ಮಕ್ಕ ‘ಕಡಿತ’ ಅಂತ ಇದ್ರ ತಗದುಬಿಡ್ರಿ. ಮೈಸೂರು ಕಡೆ ಮೈ ಕಡಿತ ಅಂದ್ರ ತುರಿಕಿ. ನಮ್ಮಲ್ಲಿ ‘ಹೊಟ್ಟಿ ಕಡ್ಯಾಕತ್ತೈತಿ’ ಅಂದ್ರ ನೋವು. ತುರಿಕಿಗೆ ನಾವು ‘ತಿಂಡಿ’ ಅಂತೀವಿ, ಅದನ್ನ ಹಾಕಿದ್ರ ಬೆಂಗಳೂರಿನವ್ರು ಇಡ್ಲಿ ತಿನ್ನಾಕ ಹೊಂಟಾರು. ‘ತುರಿಕೆ’ ಎರಡೂ ಕಡೆ ನಡೀತದ.

ಲ್ಯಾಮೊಟ್ರಿಜಿನ್‌ಗ ಇದು ಸಣ್ಣ ಮಾತಲ್ಲ. ಮೊದಲ ಎಂಟು ವಾರದಾಗ ದದ್ದು ಎದ್ದು, ಮುಟ್ಟಿದ್ರ ಚರ್ಮ ನೋಯತದ, ಬಾಯಾಗ ಹುಣ್ಣು, ಕಣ್ಣುರಿ, ಜ್ವರ ಅಂದ್ರ ಅವತ್ತೇ ಡಾಕ್ಟರ ಕಡೆ ಹೋಗಬೇಕು. ಮಾತ್ರಿ 25 ಮಿಲಿಗ್ರಾಂನಿಂದ ಸುರು ಮಾಡಿ ಎರಡೆರಡು ವಾರಕ್ಕ ಏರಿಸೋದು ಇದಕ್ಕs. ವಾಲ್‌ಪ್ರೊಯೇಟ್ ಜೋಡಿ ಇದ್ರ ದಿನಾ ಅಲ್ಲ, ದಿನ ಬಿಟ್ಟು ದಿನ 25. ಅದಕ್ಕ ಬರೇ ‘ದದ್ದು’ ಸಾಲಂಗಿಲ್ಲ, ‘ನೋಯುವ ದದ್ದು’ ಅಂತ ಬೇರೆ ಸಾಲು ಮಾಡ್ರಿ.
– ಬ.

ಎಲ್ಲರೂ ಸಮಾಸ ಬಿಡಿಸುತ್ತಿದ್ದೀರಿ. ‘ಗೊಂದಲವಿಲ್ಲ’ ಎಂದ ಸಾಲಿನಲ್ಲೇ ಎಡವಟ್ಟಿದೆ. ಔಷಧಿ ಅಂಗಡಿಯಲ್ಲಿ ‘ನೋವಿನ ಮಾತ್ರೆ ಕೊಡಿ’ ಅಂದರೆ ಕೈಗೆ ಬರುವುದು ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಅಥವಾ ಐಬುಪ್ರೊಫೇನ್. ಇವು ಮೂತ್ರಪಿಂಡದಿಂದ ಲಿಥಿಯಂ ಹೊರಹೋಗುವುದನ್ನು ತಗ್ಗಿಸುತ್ತವೆ, ರಕ್ತದಲ್ಲಿ ಲಿಥಿಯಂ ಏರುತ್ತದೆ. ಇರಬೇಕಾದದ್ದು ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್, ಅದೂ ಕೊನೆಯ ಮಾತ್ರೆ ನುಂಗಿ 12 ಗಂಟೆಗೆ ತೆಗೆದ ರಕ್ತದಲ್ಲಿ. 1.5 ದಾಟಿದರೆ ಕೈ ಜೋರಾಗಿ ನಡುಗುವುದು, ವಾಂತಿಭೇದಿ, ಮಾತು ತೊದಲುವುದು, ನಡಿಗೆ ತೂರಾಡುವುದು. ಮೈಕೈ ನೋವೆಂದು ನುಂಗಿದ ಮಾತ್ರೆಯೇ ಅಲ್ಲಿಗೆ ಒಯ್ಯಬಹುದು.

ಹಾಗೆಂದು ‘ನೋವಿನ ಮಾತ್ರೆ ಬೇಡ’ ಎಂದಷ್ಟೇ ಬರೆದರೆ, ತೆಗೆದುಕೊಳ್ಳಬಹುದಾದ ಪ್ಯಾರಸಿಟಮಾಲನ್ನೂ ಬಿಡುತ್ತಾರೆ. ‘ಪ್ಯಾರಸಿಟಮಾಲ್ ಪರವಾಗಿಲ್ಲ’ ಎಂದರೆ ಅಸಿಕ್ಲೊಫೆನಾಕ್ ಬೆರೆಸಿದ ಮಾತ್ರೆಯ ಪಟ್ಟಿಯ ಮೇಲೂ ಪ್ಯಾರಸಿಟಮಾಲ್ ಎಂದೇ ಇರುತ್ತದೆ. ಆದ್ದರಿಂದ ‘ಬರೀ ಪ್ಯಾರಸಿಟಮಾಲ್’. ಆ ‘ಬರೀ’ ಬಿಟ್ಟರೆ ಸಾಲೇ ಸುಳ್ಳು. ಪಟ್ಟಿಯ ಮೇಲಿನ ಇಂಗ್ಲಿಷ್ ಓದಲಾಗದವರಿಗೆ ‘ಈ ಚೀಟಿಯನ್ನೇ ಅಂಗಡಿಯವರಿಗೆ ತೋರಿಸಿ’ ಎಂದೂ ಸೇರಿಸಿ.

ಹೊಟ್ಟೆನೋವನ್ನೂ ಬಿಡಿಸಿ ಬರೆಯಿರಿ. ಲಿಥಿಯಂ ಶುರುವಿನಲ್ಲಿ ಹೊಟ್ಟೆ ತೊಳಸುವುದು ಬೇರೆ. ವಾಲ್‌ಪ್ರೊಯೇಟ್‌ನಿಂದ ಅಪರೂಪಕ್ಕೆ ಮೇದೋಜೀರಕ ಗ್ರಂಥಿ ಊದಿಕೊಂಡಾಗ ಬರುವ ನೋವು ಮೇಲ್ಹೊಟ್ಟೆಯಲ್ಲಿ ಎದ್ದು ಬೆನ್ನಿಗೆ ಹೊಡೆಯುತ್ತದೆ, ಜೊತೆಗೆ ವಾಂತಿ. ಅದು ಆಸ್ಪತ್ರೆಗೆ ಓಡುವ ನೋವು.
– ಪಿ.

‘ಔಷಧಿ’ ಸಂಸ್ಕೃತ, ‘ಪರಿಣಾಮ’ ಸಂಸ್ಕೃತ, ‘ಬೇನೆ’ಯೂ ‘ವೇದನೆ’ಯ ತದ್ಭವ. ‘ನೋವು’ ಮಾತ್ರ ನಮ್ಮದು. ನೋಯ್ ಬೇರು, ತಮಿಳಿನಲ್ಲೂ ನೋಯ್. ‘ಮದ್ದು’ ಎಂಬ ಚೊಕ್ಕ ಕನ್ನಡ ಪದವಿರುವಾಗ ಔಷಧಿ ಯಾಕೆ? ‘ಮದ್ದಿನಿಂದಾಗುವ ನೋವು’ ಎನ್ನಿ.
– ತಿ.

ಕರಾವಳಿಯಲ್ಲಿ ಚೆಂದ. ಹಳೇ ಮೈಸೂರಿನಲ್ಲಿ ‘ಮದ್ದು ಹಾಕಿದ್ದಾರೆ’ ಎಂದರೆ ಯಾರೋ ಮಾಟಕ್ಕೆ ಅನ್ನದಲ್ಲಿ ಬೆರೆಸಿದ್ದಾರೆ ಎಂದರ್ಥ. ಮನೋರೋಗದ ಚೀಟಿಯಲ್ಲಿ ಅದೊಂದು ಬಾಕಿ ಇತ್ತು.
– ಗಿ.

ಪದ ಕೆಟ್ಟದ್ದಲ್ಲ, ನೀವು ಕೆಡಿಸಿಕೊಂಡಿದ್ದೀರಿ.
– ತಿ.

ಜಗಳ ಆಮೇಲೆ ಆಡಿ. ಅಚ್ಚಿಗೆ ಕಳಿಸುತ್ತಿರುವುದು ಇದು:

‘ಅಡ್ಡಪರಿಣಾಮವಾಗಿ ಮೈಕೈ ನೋವು, ಕೀಲುನೋವು ಬರಬಹುದು, ಮೀನಖಂಡ ಹಿಡಿದುಕೊಳ್ಳಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ. ನೋಯುವ ದದ್ದು, ಬಾಯಿಹುಣ್ಣು, ಅಥವಾ ಬೆನ್ನಿಗೆ ಹೊಡೆಯುವ ಹೊಟ್ಟೆನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ಲಿಥಿಯಂ ತೆಗೆದುಕೊಳ್ಳುವವರು ನೋವಿಗೆ ಬರೀ ಪ್ಯಾರಸಿಟಮಾಲ್ ಮಾತ್ರ ತೆಗೆದುಕೊಳ್ಳಿ. ನೋವಿನ ಮಾತ್ರೆ ಕೊಳ್ಳುವ ಮೊದಲು ಈ ಚೀಟಿಯನ್ನು ಅಂಗಡಿಯವರಿಗೆ ತೋರಿಸಿ.’

ಮೂಡ್ ಸ್ಟೆಬಿಲೈಜರ್ ಕನ್ನಡ ಲಿಪಿಯಲ್ಲಿ ಹಾಗೆಯೇ ಉಳಿಯಿತು.
– ಸು.

‘ಬರೀ’ ಇದ್ದಮೇಲೆ ‘ಮಾತ್ರ’ ಯಾಕೆ? ದ್ವಿರುಕ್ತಿ.
– ವಾ. ರಾ.

ಇರಲಿ ಬಿಡಿ, ಎರಡೂ ಬೇಕು.
– ಪಿ.