ಅಪ್‌ಡೇಟ್: ಮಂಡಿಪೇಟೆ ಸರ್ವೆ ಕೊನೆಗೂ ಮುಗಿಯಿತು

ಹೋದ ತಿಂಗಳು ಕೇಳಿದ್ದೆ: ಎಂಕಾಂ ಪ್ರಬಂಧಕ್ಕೆ ದಾವಣಗೆರೆಯ ಮಂಡಿಪೇಟೆ ಅಂಗಡಿಗಳಲ್ಲಿ ಯುಪಿಐ ಬಳಕೆ ಬಗ್ಗೆ ಸರ್ವೆ ಮಾಡಬೇಕು, ಎಷ್ಟು ಜನರನ್ನು ಕೇಳಿದರೆ ಸಾಕು ಅಂತ. ಒಟ್ಟು ಸಂಖ್ಯೆಯಿಂದ ಎಷ್ಟು ಜನರನ್ನು ಕೇಳಬೇಕು ಅಂತ ಲೆಕ್ಕ ಹಾಕೋ ಯಮಾನೆ ಸೂತ್ರ ನೋಡಿ ಅಂದಿದ್ರಲ್ಲ, ಅದೇ ಕೈ ಹಿಡಿಯಿತು. ನನ್ನ ಪಟ್ಟಿಯಲ್ಲಿ 400 ಅಂಗಡಿ. 400 ÷ (1 + 400 × 0.05ರ ವರ್ಗ); 0.05 ಅಂದ್ರೆ ಶೇ. 5ರಷ್ಟು ತಪ್ಪಿಗೆ ಅವಕಾಶ. ಅಂದ್ರೆ 400 ಭಾಗ 2, ಒಟ್ಟು 200. ಪಟ್ಟಿಯಲ್ಲಿ ಒಂದು ಬಿಟ್ಟು ಒಂದು ಅಂಗಡಿ ಹಿಡಿದೆ. ಪರಿಚಯದವರನ್ನೇ ಕೇಳಿ ಮುಗಿಸೋಣ ಅನ್ನೋ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊದಲು ಹತ್ತು ಜನರ ಹತ್ತಿರ ಪೈಲಟ್ (ಪ್ರಶ್ನೆಪಟ್ಟಿಯ ಪ್ರಯೋಗ) ಮಾಡಿದ್ದು ಒಳ್ಳೆಯದೇ ಆಯಿತು. 'ಯುಪಿಐ ಬೇಗ ಆಗುತ್ತದೆ ಮತ್ತು ಸುರಕ್ಷಿತ' ಅಂತ ಒಂದು ವಾಕ್ಯ ಬರೆದಿದ್ದೆ. ಕಾಳಿನ ಅಂಗಡಿ ಅಜ್ಜ ಪೆನ್ನು ಹಿಡಿದು ಕೂತೇ ಇದ್ದರು. "ಲಗೂ ಆಗ್ತೈತವ್ವ, ಸುರಕ್ಷಿತ ಅಂತ ಹೆಂಗ್ ಹೇಳ್ಲಿ? ಟಿಕ್ ಎಲ್ಲಿ ಹಾಕ್ಲಿ?" ಅಂದರು. ಒಂದೇ ಪ್ರಶ್ನೆಯಲ್ಲಿ ಎರಡು ಪ್ರಶ್ನೆ! ಅಲ್ಲೇ ಕೂತು ಎರಡಾಗಿ ಒಡೆದೆ.

ಆಮೇಲೆ ಕ್ರಾನ್‌ಬ್ಯಾಕ್ ಆಲ್ಫಾ (ವಾಕ್ಯಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನೋ ಅಳತೆ) ಬರೀ 0.52 ಬಂತು. ಸಾಮಾನ್ಯವಾಗಿ 0.7 ದಾಟಬೇಕು ಅಲ್ವಾ, ಎದೆ ಧಸಕ್ ಅಂತು. ನೋಡಿದರೆ 'ಯುಪಿಐ ಅಂದ್ರೆ ಭಯ' ಅನ್ನೋ ತರಹದ ಎರಡು ಉಲ್ಟಾ ವಾಕ್ಯಗಳ ಅಂಕ ತಿರುಗಿಸಿಯೇ ಇರಲಿಲ್ಲ. 1ರಿಂದ 5ರವರೆಗಿನ ಅಂಕಗಳಲ್ಲಿ 5 ಅನ್ನು 1, 4 ಅನ್ನು 2, ಹೀಗೆ ಉಲ್ಟಾ ಮಾಡಿದೆ. 0.78 ಆಯಿತು.

ಗೈಡ್ ಒಪ್ಪಿದ್ದಾರೆ. ಈಗ ಕೈ-ವರ್ಗ (chi-square) ಪರೀಕ್ಷೆ ಬಾಕಿ, ಅಂದ್ರೆ ಎರಡು ವಿಷಯಗಳ ಮಧ್ಯೆ ಸಂಬಂಧ ಇದೆಯಾ ಅಂತ ನೋಡೋದು. ಅದಕ್ಕೆ ಇನ್ನೊಂದು ಪ್ರಶ್ನೆ ಹಾಕ್ತೀನಿ, ಬೈಬೇಡಿ.